ನಮ್ಮನ್ನು ಒಂದೇ ವೇದಿಕೆಗೆ ಕರೆಯಬೇಡಿ
ತುಮಕೂರಿನ ಗಣೇಶೋತ್ಸವ, ರಾಜ್ಯೋತ್ಸವ ಸಮಿತಿಗಳಿಗೆ ಮತ್ತು ನಮ್ಮ ಹಾಡು ಕೇಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ವರ್ಷ ಗಣೇಶನ ಹಬ್ಬದಲ್ಲಿ, ನಗರದ ಒಂದು ಪೆಂಡಾಲಿನ ಮುಂದೆ ನಮ್ಮ ತಂಡ ನಾಲ್ಕನೆಯ ಹಾಡಿಗೆ ಸಿದ್ಧವಾಗುತ್ತಿದ್ದಾಗ ನಡೆದ ಪ್ರಸಂಗವನ್ನು ಅಲ್ಲಿ ನೆರೆದಿದ್ದವರೆಲ್ಲ ನೋಡಿದ್ದಾರೆ. ಸಮಿತಿಯ ಹಿರಿಯರೊಬ್ಬರು ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡು, ನಮ್ಮ ಹಿಂದಿನ ಗಿಟಾರ್ ವಾದಕರು ಜನರ ನಡುವೆ ನಿಂತಿರುವುದು ತಮ್ಮ ಕಣ್ಣಿಗೆ ಬಿದ್ದಿದೆಯೆಂದೂ, ಅವರು ವೇದಿಕೆಗೆ ಬಂದು ಹಳೆಯ ಗೆಳೆಯರೊಂದಿಗೆ ಒಂದು ಹಾಡು ನುಡಿಸಬೇಕೆಂದೂ ಹೇಳಿದರು. “ಹಬ್ಬದ ದಿನ ಒಂದಾಗ್ಬಿಡ್ರಪ್ಪ, ಎಷ್ಟು ದಿನ ಅಂತ ಹಿಂಗೇ ಇರ್ತೀರ” ಎಂದು ಅವರು ಅಂದಾಗ ಜನ ಶಿಳ್ಳೆ ಹೊಡೆದರು. ಈಗ ನಮ್ಮೊಂದಿಗೆ ನುಡಿಸುತ್ತಿರುವ ಹುಡುಗ, ಯಾರೂ ಹೇಳುವ ಮೊದಲೇ, ಗಿಟಾರಿನಿಂದ ಕೇಬಲ್ ಕಿತ್ತು, ಹೆಗಲಿನ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು, ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವೇದಿಕೆಯ ಅಂಚಿಗೆ ಹೋಗಿ ನಿಂತ. ಬಜ್ಜಿ ಗಾಡಿಯ ಪಕ್ಕದಲ್ಲಿದ್ದ ಹಿಂದಿನ ವಾದಕರು ಕೈಯಲ್ಲಿದ್ದ ಪೇಪರ್ ತಟ್ಟೆಯನ್ನು ಬುಟ್ಟಿಗೆ ಹಾಕಿ, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು, ಬೈಕು ಹತ್ತಿ ಹೊರಟುಹೋದರು. ಹುಡುಗ ಗಿಟಾರು ಚಾಚಿಕೊಂಡು ಹಾಗೆಯೇ ನಿಂತಿದ್ದ. ನನಗೆ ಬೇರೇನೂ ತೋಚದೆ ಕೋಲುಗಳನ್ನು ತಟ್ಟಿ ನಾಲ್ಕು ಎಣಿಸಿ ಹಾಡು ಶುರು ಮಾಡಿಬಿಟ್ಟೆ. ಮೊದಲ ಎರಡು ಸಾಲು ಗಿಟಾರಿಲ್ಲದೆ ಹೋದವು.

ಆ ರಾತ್ರಿಯಿಂದ ಒಬ್ಬರ ಬಾಯಲ್ಲಿ ಅವರದು ಸೊಕ್ಕು, ಇನ್ನೊಬ್ಬರ ಬಾಯಲ್ಲಿ ನಮ್ಮದು ಹೊಟ್ಟೆಕಿಚ್ಚು. ಇನ್ನೊಂದು ಹಬ್ಬದ ಕಾಲ ಹತ್ತಿರ ಬರುತ್ತಿದೆ. ಇಬ್ಬರನ್ನೂ ಒಂದೇ ದಿನ ಕರೆಸಿ ಶಾಲು ಹೊದಿಸಿ ಕೈಕೈ ಹಿಡಿಸುವ ಆಲೋಚನೆ ಇದೆಯೆಂದು ಎರಡು ಸಮಿತಿಗಳವರು ಈಗಾಗಲೇ ಫೋನಿನಲ್ಲಿ ತಿಳಿಸಿರುವುದರಿಂದ ಈ ಪತ್ರ ಬರೆಯಬೇಕಾಯಿತು. ನಾನು ಈ ತಂಡದ ಡ್ರಮ್ಸ್ ವಾದಕ. ತಂಡದ ಪರವಾಗಿ ಬರೆಯುತ್ತಿಲ್ಲ. ಇಲ್ಲಿ ಹೇಳುವುದಕ್ಕೆ ಬಾಸ್ ನುಡಿಸುವವರ ಮತ್ತು ಕೀಬೋರ್ಡ್ ನುಡಿಸುವವರ ಒಪ್ಪಿಗೆ ಇದೆ, ಗಾಯಕರ ಒಪ್ಪಿಗೆ ಇಲ್ಲ. ಯಾರ ಹೆಸರನ್ನೂ ಬರೆಯುತ್ತಿಲ್ಲ. ಊರಿನವರಿಗೆ ಎಲ್ಲರ ಹೆಸರೂ ಗೊತ್ತಿದೆ, ಊರಾಚೆಯವರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ.

ನಮ್ಮ ತಂಡ 2013ರಲ್ಲಿ ಶೆಟ್ಟಿಹಳ್ಳಿಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಶುರುವಾಯಿತು. ಗಿರಣಿ ನಿಂತ ಮೇಲೆಯೇ ಅಭ್ಯಾಸ, ಆದ್ದರಿಂದ ರಾತ್ರಿ ಎಂಟಕ್ಕೆ ಮೊದಲು ಒಂದು ತಂತಿಯೂ ಮಿಡಿಯುತ್ತಿರಲಿಲ್ಲ. ಆಂಪ್ಲಿಫೈಯರಿನ ಮೇಲೆ ಸದಾ ರಾಗಿ ಹಿಟ್ಟಿನ ತೆಳು ಪದರ ಕೂತಿರುತ್ತಿತ್ತು. ಐದು ವರ್ಷದಲ್ಲಿ ಆರು ಸ್ವಂತ ಹಾಡುಗಳನ್ನೂ, ಶಿಶುನಾಳ ಶರೀಫರ ಮೂರು ತತ್ವಪದಗಳಿಗೆ ರಾಕ್ ಸಂಗೀತದ ಹೊಸ ಉಡುಪನ್ನೂ ಅಲ್ಲಿ ಕಟ್ಟಿದೆವು. ನೀವು ಇಂದು ಪೆಂಡಾಲುಗಳಲ್ಲಿ ಕೇಳಿ ಕುಣಿಯುವ, ತಮಟೆಯ ಏಟಿನ ಮೇಲೆ ಗಿಟಾರು ಉರುಳುವ ಆ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಸ್ವರಸಾಲು, ನಮ್ಮ ಹಿಂದಿನ ಗಿಟಾರ್ ವಾದಕರದು. ನಾನು ಸುಮ್ಮನೆ ಬೆಚ್ಚಗಾಗಲೆಂದು ಊರಹಬ್ಬದ ತಮಟೆಯ ಏಟನ್ನು ಡ್ರಮ್ಸಿನಲ್ಲಿ ಬಾರಿಸುತ್ತಿದ್ದೆ. ಅವರು ಸ್ಟ್ರಿಂಗ್ ಬದಲಿಸುತ್ತಾ ನೆಲದ ಮೇಲೆ ಕೂತಿದ್ದವರು, ಇನ್ನೂ ಎರಡು ತಂತಿ ಹಾಕದ ಗಿಟಾರಿನಲ್ಲೇ, ನಾಲ್ಕು ತಂತಿಯ ಮೇಲೆ ಅದನ್ನು ಹಿಡಿದರು. ಇವತ್ತಿಗೂ ಆ ರಿಫ್ ನಾಲ್ಕು ತಂತಿ ದಾಟುವುದಿಲ್ಲ. ಇದನ್ನು ಅಲ್ಲಗಳೆಯುವವರು ನಮ್ಮ ತಂಡದಲ್ಲಿ ಯಾರೂ ಇಲ್ಲ, ಗಾಯಕರೂ ಸೇರಿ.

ಹೀಗಿದ್ದೂ ಅವರನ್ನು ತಂಡದಿಂದ ಕೈಬಿಟ್ಟದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಸಿರಾದಲ್ಲಿಯೂ ಮಧುಗಿರಿಯಲ್ಲಿಯೂ ಅವರು ಸೌಂಡ್ ಚೆಕ್ ಮುಗಿದ ಮೇಲೆ ಬಂದರು. 2018ರ ನವೆಂಬರಿನಲ್ಲಿ ತಿಪಟೂರಿನ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಅಡ್ವಾನ್ಸ್ ಪಡೆಯುವಾಗಲೇ ಎರಡು ಸಿನಿಮಾ ಹಾಡು ನುಡಿಸುವುದಾಗಿ ಒಪ್ಪಿಕೊಂಡಿದ್ದೆವು, ಅದು ಅವರಿಗೂ ಗೊತ್ತಿತ್ತು. ಆದರೆ ವೇದಿಕೆಯ ಕೆಳಗಿನಿಂದ ಚೀಟಿ ಬಂದೊಡನೆ ಅವರು ಆಂಪ್ಲಿಫೈಯರ್ ಆರಿಸಿ, ಗಿಟಾರನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಇಳಿದು ಹೋಗಿ ಟೆಂಪೊದಲ್ಲಿ ಕುಳಿತರು. ಉಳಿದ ಐದು ಹಾಡನ್ನು ಲೀಡ್ ಗಿಟಾರ್ ಇಲ್ಲದೆ ಮುಗಿಸಿದೆವು. ಸಮಿತಿಯವರು ಬ್ಯಾಲೆನ್ಸ್ ಹದಿನೈದು ಸಾವಿರವನ್ನು ಕೊಡಲಿಲ್ಲ, ಕೇಳುವ ಮುಖವೂ ನಮಗಿರಲಿಲ್ಲ. ಸಿನಿಮಾ ಹಾಡು ನುಡಿಸಬಾರದೆಂಬ ಅವರ ಹಟದಲ್ಲಿ ಒಂದು ಘನತೆ ಇತ್ತೆಂದು ಈಗ ಅನ್ನಿಸುತ್ತದೆ. ಆದರೆ ಆ ಹಟವನ್ನು ಗಿರಣಿಯ ಕೋಣೆಯಲ್ಲಿ ಹೇಳಬೇಕಿತ್ತು, ಸಾವಿರ ಜನರ ಮುಂದೆ ನಾಲ್ವರನ್ನು ನಿಲ್ಲಿಸಿ ತೋರಿಸಬಾರದಿತ್ತು.

ನಾಚಿಕೆಪಡಬೇಕಾದ್ದು ಬೇರೆ ಇದೆ. ವಾಪಸು ಬರುವಾಗ ಕೆ.ಬಿ. ಕ್ರಾಸಿನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ರಾತ್ರಿ ಎರಡು ಗಂಟೆಯ ಮೇಲಾಗಿತ್ತು. ಅವರು ಹಿಂದಿನ ಸೀಟಿನಲ್ಲಿ ಗಿಟಾರ್ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದರು. ಅಭ್ಯಾಸಬಲದಿಂದ ಐದು ಟೀ ಹೇಳಿದ್ದೆವು. ನಾವು ನಾಲ್ವರು ಅವರನ್ನು ಬಿಡುವ ತೀರ್ಮಾನವನ್ನು ಆ ಟೀ ಮುಗಿಯುವುದರೊಳಗೆ ಮಾಡಿದೆವು, ಐದನೆಯದು ಗೂಡಂಗಡಿಯ ಹಲಗೆಯ ಮೇಲೆ ಕೆನೆಗಟ್ಟುತ್ತಾ ಇತ್ತು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಗುಬ್ಬಿ ಗೇಟಿನಲ್ಲಿ ಇಳಿಯುವಾಗ “ನಾಳೆ ಸಿಗೋಣ ಮಗಾ” ಎಂದು ಅವರು ನನಗೆ ಹೇಳಿದರು, ನಾನು ಹ್ಞೂಂ ಎಂದೆ. ಬೆಳಿಗ್ಗೆ ಒಂಬತ್ತಕ್ಕೆ ಅವರನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದದ್ದು ನನ್ನ ಫೋನಿನಿಂದ. ಮೂರು ಸಲ ಕರೆ ಬಂತು, ನಾನು ತೆಗೆಯಲಿಲ್ಲ. ಹನ್ನೊಂದು ಗಂಟೆಗೆ ಗಾಯಕರು ನಾಲ್ಕು ಸಾಲಿನ ಒಂದು ಸಂದೇಶ ಕಳುಹಿಸಿದರು. ಐದು ವರ್ಷ ಜೊತೆಗೆ ಹೆಗಲು ಕೊಟ್ಟು ಸ್ಪೀಕರ್ ಹೊತ್ತವರಿಗೆ ನಾವು ಕೊಟ್ಟ ಬೀಳ್ಕೊಡುಗೆ ಅಷ್ಟೇ.

ರಾಕ್ ಸಂಗೀತ ಕೇಳುವವರಿಗೆ ಇಲ್ಲಿ ಬೇರೊಂದು ಕತೆ ನೆನಪಾಗದೆ ಇರದು. ಅದನ್ನು ನನಗೆ ಮೊದಲು ಹೇಳಿದವರೂ ಅವರೇ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿದಾಗ ನಾವಿಬ್ಬರೂ ಹೋಗಿದ್ದೆವು. ನಡುರಾತ್ರಿ ಗೊರಗುಂಟೆಪಾಳ್ಯದಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಾ ನಿಂತಾಗ, ಇದೇ ತಂಡದ ಮೊದಲಿನ ಲೀಡ್ ಗಿಟಾರ್ ವಾದಕ ಡೇವ್ ಮಸ್ಟೇನ್ ಅವರನ್ನು 1983ರ ಏಪ್ರಿಲಿನಲ್ಲಿ, ಮೊದಲ ಆಲ್ಬಂ ಧ್ವನಿಮುದ್ರಣವಾಗುವ ಮುನ್ನ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಎಬ್ಬಿಸಿ ನೀನು ತಂಡದಲ್ಲಿ ಇಲ್ಲವೆಂದು ಹೇಳಿ, ಲಾಸ್ ಏಂಜಲೀಸಿಗೆ ಹೋಗುವ ಗ್ರೇಹೌಂಡ್ ಬಸ್ಸು ಹತ್ತಿಸಿದ್ದನ್ನು ಅವರು ವಿವರಿಸಿದರು. ಕುಡಿತ, ಜಗಳ ಎಲ್ಲವೂ ಕಾರಣವಾಗಿ ಇದ್ದವು. ದೇಶದ ಒಂದು ತೀರದಿಂದ ಇನ್ನೊಂದು ತೀರಕ್ಕೆ ನಾಲ್ಕು ದಿನದ ಪ್ರಯಾಣ. ಅವರ ಜಾಗಕ್ಕೆ ಕರ್ಕ್ ಹ್ಯಾಮೆಟ್ ಬಂದರು. ಮಸ್ಟೇನ್ ಅದೇ ವರ್ಷ ಮೆಗಾಡೆತ್ ಎಂಬ ತಮ್ಮದೇ ತಂಡ ಕಟ್ಟಿ, ಜಗತ್ತೇ ಕೇಳುವಷ್ಟು ಬೆಳೆದರು. ನಮ್ಮದು ಜಿಲ್ಲೆ ದಾಟಿ ಹೆಚ್ಚೆಂದರೆ ಹಾಸನ ಕಂಡ ತಂಡ, ಹೋಲಿಕೆಗೆ ನಗಬಹುದು, ನಗಿ. ಆದರೆ ಅಷ್ಟು ದೊಡ್ಡವರು ಮಲಗಿದ್ದವನನ್ನು ಎಬ್ಬಿಸಿ ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು ಎಂಬುದು ನನ್ನನ್ನು ಚುಚ್ಚುತ್ತದೆ.

ಸಮಿತಿಯವರು ಗಮನಿಸಬೇಕಾದದ್ದು ಆ ಕತೆಯ ಉತ್ತರಾರ್ಧವನ್ನು. ಕೋಟ್ಯಂತರ ರೂಪಾಯಿ, ಲಕ್ಷಾಂತರ ಅಭಿಮಾನಿಗಳು ಎಲ್ಲ ಬಂದ ಮೇಲೂ, ಹದಿನೆಂಟು ವರ್ಷ ಕಳೆದು 2001ರಲ್ಲಿ ಮಸ್ಟೇನ್ ಮತ್ತು ಮೆಟಾಲಿಕಾದ ಡ್ರಮ್ಸ್ ವಾದಕ ಲಾರ್ಸ್ ಉಲ್ರಿಕ್ ಎದುರುಬದುರು ಕುಳಿತು ಮಾತಾಡಿದ್ದನ್ನು ಒಂದು ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಗಾಯ ಅಂದಿಗೂ ಹಸಿಯಾಗಿಯೇ ಇತ್ತು. 2010ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಎರಡೂ ತಂಡದವರು ಒಂದೇ ವೇದಿಕೆಯಲ್ಲಿ ಒಂದು ಹಾಡು ಕೂಡಿ ನುಡಿಸಿದರು. 2011ರ ಡಿಸೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೆಟಾಲಿಕಾದ ಮೂವತ್ತನೆಯ ವರ್ಷಾಚರಣೆಯಲ್ಲಿ, ಮಸ್ಟೇನ್ ಬಂದು ಹಳೆಯ ಹಾಡುಗಳನ್ನು ನುಡಿಸಿದರು. ಅದಾದ ಮೇಲೂ, ಆರಂಭದ ದಿನಗಳ ಒಂದು ಡೆಮೊ ಟೇಪನ್ನು ವಿಸ್ತರಿಸಿ ಮರುಬಿಡುಗಡೆ ಮಾಡುವ ಯೋಜನೆ ಯಾವ ಹಾಡಿಗೆ ಯಾರ ಹೆಸರು ಎಂಬ ತಕರಾರಿನಲ್ಲಿ ಮುರಿದುಬಿತ್ತೆಂದು ಮಸ್ಟೇನ್ ಅವರೇ ಹೇಳಿಕೊಂಡಿದ್ದಾರೆ. ಅಪ್ಪಿಕೊಂಡು ಫೋಟೊ ತೆಗೆಸಿಕೊಂಡವರು ಹೆಸರಿನ ವಿಷಯಕ್ಕೆ ಬಂದಾಗ ಮತ್ತೆ ಅಲ್ಲಿಗೇ ಬಂದು ನಿಂತರು. ಅಲ್ಲಿಯೂ ಒಂದು ಮಾತು ಹೇಳಲೇಬೇಕು: ಹೊರಗೆ ಹಾಕಿದ ಮೂರು ತಿಂಗಳಿಗೆ ಬಂದ ಮೊದಲ ಆಲ್ಬಮ್ಮಿನ ನಾಲ್ಕು ಹಾಡುಗಳಲ್ಲಿ, ಮರುವರ್ಷದ ಎರಡನೆಯ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ರಚನಕಾರರ ಸಾಲಿನಲ್ಲಿ ಮಸ್ಟೇನ್ ಹೆಸರು ಅಚ್ಚಾಗಿದೆ.

ನಾವು ಏನು ಮಾಡಿದೆವು? ಕೊರೊನಾದಿಂದ ಕಾರ್ಯಕ್ರಮಗಳೆಲ್ಲ ನಿಂತುಹೋಗಿ ಕೈ ಖಾಲಿ ಇದ್ದಾಗ ಹಳೆಯ ಆರು ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸಿ 2021ರಲ್ಲಿ ಯೂಟ್ಯೂಬಿಗೆ ಹಾಕಿದೆವು. ಸಾಹಿತ್ಯದ ಕೆಳಗೆ ಗಾಯಕರ ಹೆಸರು ಬರೆದೆವು, ಸಂಗೀತ ಎಂಬಲ್ಲಿ ತಂಡದ ಹೆಸರು ಮಾತ್ರ ಬರೆದೆವು. ಗಾಯಕರ ವಾದವನ್ನು ಅವರ ಪರವಾಗಿಯೇ ಹೇಳುತ್ತೇನೆ: ಐದು ಜನ ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಕಟ್ಟಿದ ಹಾಡಿನಲ್ಲಿ ಗಿಟಾರಿನ ಹತ್ತು ಸ್ವರಕ್ಕೆ ಬೇರೆ ಹೆಸರು ಕೊಟ್ಟರೆ ಬಾಸಿಗೂ ಡ್ರಮ್ಸಿಗೂ ಕೊಡಬೇಕು, ಕೊನೆಗೆ ಯಾರು ಯಾವ ಸ್ವರ ಹೇಳಿದರೆಂದು ಪಂಚಾಯ್ತಿ ಸೇರಬೇಕಾಗುತ್ತದೆ, ಅದಕ್ಕಿಂತ ತಂಡದ ಹೆಸರೇ ನ್ಯಾಯ. ಈ ಮಾತು 2018ರವರೆಗೆ ಸರಿಯಾಗಿತ್ತು. ಆದರೆ ಈಗ ತಂಡ ಎಂದರೆ ಕೇಳುವವರ ಕಣ್ಣಿಗೆ ಬರುವುದು ವೇದಿಕೆಯ ಮೇಲಿರುವ ಐವರು. ಆ ಹಾಡು ಹುಟ್ಟಿದಾಗ ಹೈಸ್ಕೂಲಿನಲ್ಲಿದ್ದ ಹುಡುಗನಿಗೆ ಅದರ ಪಾಲು ಸಲ್ಲುತ್ತದೆ, ನೆಲದ ಮೇಲೆ ಕೂತು ಅದನ್ನು ಹುಡುಕಿದವರಿಗೆ ಸಲ್ಲುವುದಿಲ್ಲ. ಆ ಹುಡುಗನೇ ಒಂದು ದಿನ ಮೆಲ್ಲಗೆ, “ಅಣ್ಣಾ, ಇದು ನಾನು ಮಾಡಿದ್ದು ಅಂತ ಕಾಲೇಜಲ್ಲಿ ಎಲ್ಲ ಅನ್ಕೊಂಡಿದ್ದಾರೆ, ಏನ್ ಹೇಳಲಿ” ಎಂದು ಕೇಳಿದ.

ಕಾನೂನು ಏನು ಹೇಳುತ್ತದೆಂದು ತಿಳಿಯಲು ನಾನು ಈ ಊರಿನ ವಕೀಲರೊಬ್ಬರ ಬಳಿ ಹೋಗಿ ಕುಳಿತೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ಇಬ್ಬರು ಮೂವರು ಬಿಡಿಸಲಾಗದಂತೆ ಕೂಡಿ ಕಟ್ಟಿದ್ದರೆ ಅದು ಜಂಟಿ ಕರ್ತೃತ್ವ. 57ನೆಯ ಕಲಮಿನ ಪ್ರಕಾರ, ಕೃತಿಯ ಹಕ್ಕನ್ನು ಮಾರಿಕೊಂಡ ಮೇಲೂ ಇದು ನನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳು ಈಗ ಎಲ್ಲರವು. ಆದರೆ ಆ ಪದಕ್ಕೆ ನಾವು ಹೊಸದಾಗಿ ಸೇರಿಸಿದ ಗಿಟಾರಿನ ಸಂಗೀತದ ಮಾತು ಬೇರೆ. ಇಷ್ಟು ಹೇಳಿ ವಕೀಲರು, ನೀವು ಐವರು ದುಡಿದು ಹಂಚಿಕೊಳ್ಳುತ್ತಿದ್ದಿರಲ್ಲ, ಕಾಗದವಿಲ್ಲದಿದ್ದರೂ ಅದು ಪಾಲುದಾರಿಕೆಯೇ ಎಂದರು. 1932ರ ಪಾಲುದಾರಿಕೆ ಕಾಯ್ದೆಯ 33ನೆಯ ಕಲಮಿನಂತೆ, ಮೊದಲೇ ಒಪ್ಪಂದದಲ್ಲಿ ಅಧಿಕಾರವಿದ್ದು ಅದನ್ನು ಸದ್ಭಾವದಿಂದ ಬಳಸಿದ್ದರ ಹೊರತು, ಬಹುಮತದ ಬಲದಿಂದ ಪಾಲುದಾರನನ್ನು ಹೊರಹಾಕುವಂತಿಲ್ಲ. ಕೆ.ಬಿ. ಕ್ರಾಸಿನ ನಮ್ಮ ನಾಲ್ಕು ಮತ ಅಲ್ಲಿಗೆ ಬಿದ್ದುಹೋಯಿತು. 37ನೆಯ ಕಲಮು ಇನ್ನೂ ನೇರವಾಗಿದೆ: ಲೆಕ್ಕ ತೀರಿಸದೆ ಉಳಿದವರು ವ್ಯವಹಾರ ಮುಂದುವರಿಸಿದರೆ, ಹೊರಹೋದವರು ತಮ್ಮ ಪಾಲಿನಿಂದ ಬಂದ ಲಾಭವನ್ನು ಕೇಳಬಹುದು, ಇಲ್ಲವೇ ಪಾಲಿನ ಮೊತ್ತದ ಮೇಲೆ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ ಕೇಳಬಹುದು, ಆಯ್ಕೆ ಅವರದು. ನೋಂದಣಿಯಾಗದ ಪಾಲುದಾರಿಕೆಯಾದ್ದರಿಂದ ಅವರು ದಾವೆ ಹೂಡಲು ತೊಡಕಿದೆ ಎಂಬುದನ್ನೂ ವಕೀಲರು ತಿಳಿಸಿದರು. ಅದನ್ನು ಕೇಳಿ ನನಗೆ ಒಂದು ಕ್ಷಣ ನಿರಾಳವಾಯಿತು, ಹಾಗೆ ನಿರಾಳವಾದದ್ದಕ್ಕೆ ಮನೆಗೆ ಬರುವವರೆಗೂ ಅಸಹ್ಯವೂ ಆಯಿತು.

ಲೆಕ್ಕ ದೊಡ್ಡದೇನಲ್ಲ. 2018ರ ನವೆಂಬರಿನಲ್ಲಿ ಕೀಬೋರ್ಡ್ ನುಡಿಸುವವರ ಖಾತೆಯಲ್ಲಿ ತಂಡದ ಹಣ 64,000 ರೂಪಾಯಿ ಇತ್ತು. ಐದು ಪಾಲು ಮಾಡಿದರೆ ಅವರಿಗೆ 12,800. ನೂರಕ್ಕೆ ಆರರಂತೆ ಏಳು ವರ್ಷಕ್ಕೆ ಬಡ್ಡಿ 5,376. ಒಟ್ಟು 18,176. ತಿಪಟೂರಿನ ಹದಿನೈದು ಸಾವಿರವನ್ನು ಅವರ ಲೆಕ್ಕದಲ್ಲಿ ಕಳೆಯಬೇಕೆಂದು ಗಾಯಕರು ಹೇಳುತ್ತಾರೆ. ನಾವು ಮೂವರು ಕಳೆಯುವುದಿಲ್ಲ, ಆ ನಷ್ಟವನ್ನು ನಾವು ಆಗಲೇ ಅವರನ್ನು ಬಿಟ್ಟು ವಸೂಲು ಮಾಡಿಕೊಂಡಾಗಿದೆ. ಇದಲ್ಲದೆ ಒಂದು ಆಂಪ್ಲಿಫೈಯರ್ ಇದೆ. 2016ರಲ್ಲಿ ಅವರು ತಮ್ಮ ಹಳೆಯ ಬೈಕು ಮಾರಿದ ದುಡ್ಡಿನಲ್ಲಿ ತಂದದ್ದು. ಹಿಂಬದಿಯಲ್ಲಿ ಬಿಳಿ ಟೇಪಿನ ಮೇಲೆ ನೀಲಿ ಪೆನ್ನಿನಲ್ಲಿ ಅವರ ಹೆಸರಿನ ಮೊದಲಕ್ಷರ ಇತ್ತು. ಅವರು ಹೋದ ಮೇಲೆ ಯಾರೋ ಆ ಟೇಪು ಕಿತ್ತರು; ಅಂಟಿನ ಚೌಕ ಮಾತ್ರ ಉಳಿದು ಅದರ ಮೇಲೆ ಹಿಟ್ಟು ಕೂತು ಈಗ ಅಕ್ಷರಕ್ಕಿಂತ ಎದ್ದು ಕಾಣುತ್ತಿದೆ. ಏಳು ವರ್ಷ ನಾವು ಅದರಲ್ಲೇ ನುಡಿಸಿದ್ದೇವೆ.

ಅವರೂ ಸುಮ್ಮನೆ ಕೂತಿಲ್ಲ. ಎರಡು ವರ್ಷದ ಹಿಂದೆ ಒಂದು ಆರ್ಕೆಸ್ಟ್ರಾದ ಜೊತೆ ಗುಬ್ಬಿಗೆ ಬಂದಿದ್ದಾಗ, ನನ್ನ ಹಾಡನ್ನು ತುಮಕೂರಿನಲ್ಲಿ ಕಳ್ಳರು ನುಡಿಸುತ್ತಾರೆ ಎಂದು ಮೈಕಿನಲ್ಲೇ ಹೇಳಿದರು. ನಮ್ಮ ಮನೆಯವರೂ ಆ ವಿಡಿಯೊ ನೋಡಿದರು. ಆ ಮಾತಿಗೆ ಅವರು ವಿಷಾದಿಸಬೇಕೆಂದು ನಾನು ಕೇಳುತ್ತಿಲ್ಲ, ಕೇಳುವ ಸ್ಥಾನದಲ್ಲಿ ನಾನಿಲ್ಲ. ಆದರೆ ಅದು ನೋಯಿಸಿತು ಎಂಬುದು ಈ ಪತ್ರದಲ್ಲಿ ಇರಲಿ. ನಮ್ಮ ಜಿಲ್ಲೆ ನಾಟಕ ಕಂಪನಿಗಳ ಜಿಲ್ಲೆ. ಮುನಿಸಿಕೊಂಡ ನಟರು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಬೇರೆ ಕಂಪನಿಗೆ ಹೋದ ಕತೆಗಳನ್ನು ಅಜ್ಜಂದಿರು ಬಾಯಿ ಚಪ್ಪರಿಸಿ ಹೇಳುತ್ತಿದ್ದರು, ಜಗಳವನ್ನು ನಾಟಕಕ್ಕಿಂತ ಹೆಚ್ಚು ರುಚಿಯಾಗಿ ನೋಡುವ ಅಭ್ಯಾಸ ನಮಗೆ ಅಲ್ಲಿಂದಲೇ ಬಂದಿರಬಹುದು.

ಈಗ ಸಮಿತಿಯವರಲ್ಲಿ ನನ್ನ ಅರಿಕೆ. ನಿಮ್ಮ ಉದ್ದೇಶ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಹಾರ, ಶಾಲು, ಮೈಸೂರು ಪೇಟದ ನಡುವೆ ಇಬ್ಬರ ಕೈ ಹಿಡಿಸಿದರೆ, ಕೈ ಕೊಡದವನು ಊರಿನ ಕಣ್ಣಿಗೆ ಕೆಟ್ಟವನಾಗುತ್ತಾನೆ, ಕೊಟ್ಟವನು ಲೆಕ್ಕ ತೀರಿತೆಂದು ಮನೆಗೆ ಹೋಗುತ್ತಾನೆ. ನಮ್ಮ ನಾಲ್ವರಿಗೆ ಆ ವ್ಯವಸ್ಥೆ ತುಂಬ ಅನುಕೂಲ. ಅದಕ್ಕೇ ಅದು ಬೇಡ. ಅವರನ್ನು ಕರೆಯುವುದಿದ್ದರೆ ಬೇರೆ ದಿನ, ಅವರ ತಂಡದೊಂದಿಗೆ, ಪೂರ್ಣ ಸಂಭಾವನೆ ಕೊಟ್ಟು ಕರೆಯಿರಿ. ನಮ್ಮ ಕಾರ್ಯಕ್ರಮಕ್ಕೆ ಅವರು ಕೇಳಲು ಬಂದಿದ್ದರೆ ಮೈಕಿನಲ್ಲಿ ಹೆಸರು ಕೂಗದೆ ನೆಮ್ಮದಿಯಾಗಿ ಬಜ್ಜಿ ತಿನ್ನಲು ಬಿಡಿ. ನಿರೂಪಕರಿಗೆ ನಾವು ಇನ್ನು ಮುಂದೆ ಕೊಡುವ ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಎದುರು ಸಾಹಿತ್ಯ ಯಾರದು, ಸಂಗೀತ ಯಾರ್‍ಯಾರದು ಎಂದು ಬರೆದಿರುತ್ತದೆ. ಕೆಲವು ಕಡೆ ಐದು ಹೆಸರು ಓದಬೇಕಾಗುತ್ತದೆ, ದಯವಿಟ್ಟು ಓದಿ. ಗಾಯಕರು ಒಪ್ಪದಿದ್ದರೆ ಆ ಹೆಸರುಗಳನ್ನು ಡ್ರಮ್ಸಿನ ಹಿಂದಿನ ಮೈಕಿನಲ್ಲಿ ನಾನೇ ಓದುತ್ತೇನೆ. ಯೂಟ್ಯೂಬಿನ ಆರು ಹಾಡುಗಳ ಕೆಳಗಿನ ಸಾಲು ತಿದ್ದುವ ಕೀಲಿ ಕೀಬೋರ್ಡ್ ನುಡಿಸುವವರ ಬಳಿ ಇದೆ, ಈ ತಿಂಗಳೊಳಗೆ ತಿದ್ದುವುದಾಗಿ ಅವರು ಮಾತು ಕೊಟ್ಟಿದ್ದಾರೆ.

ಕೇಳುಗರಲ್ಲಿ ಇನ್ನೊಂದು ವಿನಂತಿ, ಇದು ಹುಡುಗನ ವಿಷಯ. ಗಿಟಾರ್ ಸೋಲೊ ಬಂದಾಗ ಹಳೆಯವರ ಹೆಸರು ಹಿಡಿದು ಕೂಗುವುದನ್ನು ನಿಲ್ಲಿಸಿ. ಹ್ಯಾಮೆಟ್ ನಲವತ್ತು ವರ್ಷಕ್ಕೂ ಮಿಕ್ಕಿ ಆ ತಂಡದಲ್ಲಿ ನುಡಿಸಿದ್ದಾರೆ, ಇಂದಿಗೂ ಅವರನ್ನು ಮಸ್ಟೇನ್ ಜೊತೆಗಿಟ್ಟು ತೂಗುವವರು ಇದ್ದೇ ಇದ್ದಾರೆ. ನಮ್ಮ ಹುಡುಗ ಯಾರ ಜಾಗವನ್ನೂ ಕಿತ್ತುಕೊಂಡು ಬಂದವನಲ್ಲ, ಖಾಲಿ ಮಾಡಿದವರು ನಾವು. ಆ ರಾತ್ರಿ ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವಾಗ ಅವನು ನನ್ನನ್ನು, “ಅವರು ಬಂದಿದ್ರೆ ನಾನು ಎಲ್ಲಿ ನಿಂತ್ಕೋಬೇಕಿತ್ತು ಅಣ್ಣಾ?” ಎಂದು ಕೇಳಿದ. ನಾನು ಸ್ಟ್ಯಾಂಡು ಮಡಿಸುತ್ತಾ ಇದ್ದುಬಿಟ್ಟೆ.

ಕೊನೆಯ ನಾಲ್ಕು ಸಾಲು ನಮ್ಮ ಹಿಂದಿನ ಗಿಟಾರ್ ವಾದಕರಿಗೆ. ಫೋನು ಮಾಡಿದರೆ ನೀವು ತೆಗೆಯುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ. 18,176 ರೂಪಾಯಿಯ ಚೆಕ್ಕು ವಕೀಲರ ಬಳಿ ನಿಮ್ಮ ಹೆಸರಿನಲ್ಲಿ ಇದೆ. ಬಡ್ಡಿಯ ಬದಲು ಲಾಭದ ಪಾಲು ಬೇಕೆಂದರೆ 2018ರಿಂದ ಈಚಿನ ಲೆಕ್ಕದ ಪುಸ್ತಕವೂ ಅಲ್ಲೇ ಇದೆ, ನೋಡಬಹುದು. ಇದನ್ನು ತೆಗೆದುಕೊಂಡರೆ ನಮ್ಮನ್ನು ಕ್ಷಮಿಸಿದಂತೆ ಎಂದು ನಾವು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಆಂಪ್ಲಿಫೈಯರನ್ನು ಒರೆಸಿ, ವಾಲ್ಯೂಮ್ ತಿರುಗಿಸುವಾಗ ಬರುತ್ತಿದ್ದ ಕರಕರ ಶಬ್ದವನ್ನು ರಿಪೇರಿ ಮಾಡಿಸಿ, ಗಿರಣಿಯ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಬೀಗದ ಕೈ ಗಿರಣಿಯವರ ಬಳಿ ಇದೆ, ಅವರಿಗೆ ನಿಮ್ಮ ಮುಖ ಗೊತ್ತು. ಭಾನುವಾರ ಗಿರಣಿ ರಜೆ, ಉಳಿದ ದಿನ ಬೆಳಿಗ್ಗೆ ಎಂಟರಿಂದ ತೆರೆದಿರುತ್ತದೆ. ನಾವು ಯಾರೂ ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ.

ಇಂತಿ,
ತಂಡದ ಡ್ರಮ್ಸ್ ವಾದಕ
ತುಮಕೂರು